ಕಟ್ಟು ಇದ್ದಲ್ಲಿ ಕಾಡು: ಕೊಡಗಿನ ದೇವರಕಾಡುಗಳ ಒಂದು ಪ್ರಕರಣ ಅಧ್ಯಯನ

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಅಷ್ಟರೊಳಗೆ ದಾಖಲೆಗೆ ಸಿಕ್ಕಿರುವ ದೇವರಕಾಡುಗಳೇ 1,214. ಅಂದರೆ ಹೆಚ್ಚುಕಮ್ಮಿ ಮೂರೂವರೆ ಚದರ ಕಿಲೋಮೀಟರಿಗೆ ಒಂದು. ದೇವರ ಹೆಸರಿನ ಕಾಡು ಬೇರೆ ಕಡೆಯೂ ಇದೆ. ತುಳುನಾಡಿನಲ್ಲಿ ನಾಗಬನ, ಮಲೆನಾಡಿನಲ್ಲಿ ದೇವರಬನ, ಕೇರಳದಲ್ಲಿ ಕಾವು, ಮಹಾರಾಷ್ಟ್ರದಲ್ಲಿ ದೇವರಾಯಿ, ರಾಜಸ್ಥಾನದಲ್ಲಿ ಓರಣ್. ಆದರೆ ಊರಿಗೊಂದು ಎನ್ನುವಷ್ಟು ಒತ್ತೊತ್ತಾಗಿ ಇವು ಉಳಿದಿರುವುದು ಕೊಡಗಿನಲ್ಲಿ.

ಇದನ್ನು ಕೇಳಿದರೆ ಖುಷಿಯಾಗುತ್ತದೆ. ಇನ್ನೊಂದು ಲೆಕ್ಕ ಕೇಳಿದರೆ ಎದೆ ಭಾರವಾಗುತ್ತದೆ. 1873ರ ಲೆಕ್ಕದಲ್ಲಿ ದೇವರಕಾಡುಗಳ ಒಟ್ಟು ವಿಸ್ತೀರ್ಣ 15,506 ಎಕರೆ ಇತ್ತು. 1905ರ ಹೊತ್ತಿಗೆ ಅದು 10,865 ಎಕರೆಗೆ ಇಳಿಯಿತು. 1985ರಲ್ಲಿ ಉಳಿದದ್ದು 6,299 ಎಕರೆ. ನೂರು ವರ್ಷ ಚಿಲ್ಲರೆ ಅವಧಿಯಲ್ಲಿ ಐದರಲ್ಲಿ ಮೂರು ಪಾಲು ಹೋಯಿತು.

ಈ ನೂರು ವರ್ಷದಲ್ಲಿ ಕೊಡಗಿನ ಜನ ದೇವರನ್ನು ನಂಬುವುದನ್ನು ಬಿಟ್ಟರೇ? ಖಂಡಿತ ಇಲ್ಲ. ಹಬ್ಬ ನಡೆಯುತ್ತಲೇ ಇತ್ತು, ಹರಕೆ ಸಲ್ಲುತ್ತಲೇ ಇತ್ತು, ದೀಪ ಉರಿಯುತ್ತಲೇ ಇತ್ತು. ಹಾಗಿದ್ದೂ ಕಾಡು ಕರಗಿತು. ಹಾಗಾದರೆ ಕಾಡನ್ನು ಇಷ್ಟು ಕಾಲ ಕಾದದ್ದು ಏನು? ಭಕ್ತಿ ಒಂದೇ ಕಾಡನ್ನು ಕಾಯಲಿಲ್ಲ ಅನ್ನುವುದು ನನ್ನ ಅನಿಸಿಕೆ. ಭಕ್ತಿಗೆ ಒಂದು ಕಟ್ಟುಪಾಡು ಇತ್ತು. ಆ ಕಟ್ಟುಪಾಡನ್ನು ನಡೆಸುವ ಹೊಣೆ ಹೊತ್ತ ಮನುಷ್ಯರು ಊರಿನಲ್ಲೇ ಇದ್ದರು. ಇವೆರಡೂ ಗಟ್ಟಿಯಾಗಿದ್ದಲ್ಲಿ ಕಾಡು ನಿಂತಿತು. ಇವು ಸಡಿಲವಾದಲ್ಲಿ ದೇವರ ಹೆಸರೊಂದು ಉಳಿಯಿತು, ಮರ ಉಳಿಯಲಿಲ್ಲ.

ದೇವರು ಯಾರು, ಕಾಡು ಎಂಥದ್ದು

ಕೊಡಗಿನ ದೇವರಕಾಡುಗಳಲ್ಲಿ 165ರಷ್ಟು ಬೇರೆ ಬೇರೆ ದೇವರುಗಳಿವೆ ಎಂದು ಸಂಶೋಧಕರು ಗುರುತಿಸಿದ್ದಾರೆ. ಅಯ್ಯಪ್ಪ, ಭಗವತಿ, ಮಹಾದೇವ, ಬಸವೇಶ್ವರ, ಭದ್ರಕಾಳಿ ಇವರೆಲ್ಲ ಹೆಚ್ಚು ಕಡೆ ಸಿಗುತ್ತಾರೆ. ನಾಗನ ಬನಗಳೂ ಇವೆ. ಕೆಲವು ಕಾಡು ಕೊಡವರ ಊರಿಗೆ ಸೇರಿದ್ದು, ಕೆಲವು ಅರೆಭಾಷೆ ಗೌಡರದ್ದು, ಇನ್ನು ಕೆಲವು ಬೇರೆ ಸಮುದಾಯಗಳದ್ದು. ಒಂದೇ ಊರಿನಲ್ಲಿ ಎರಡು ಮೂರು ದೇವರಕಾಡು ಇರುವುದೂ ಸಾಮಾನ್ಯ.

ಇಲ್ಲಿನ ಅಯ್ಯಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಬೇಟೆಯ ದೇವರು, ಕಾಡಿನವನು. ಅವನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ಹಳೆಯ ಅಯ್ಯಪ್ಪನ ಕಾಡುಗಳಲ್ಲಿ ಮರದ ಬುಡದಲ್ಲಿ ಪಾಚಿ ಹಿಡಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ. ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಒಂದು ಕಲ್ಲು, ಒಂದು ಕಟ್ಟೆ, ಸುತ್ತ ಮರ. ದೇವರಿಗೆ ಮನೆ ಅಂತ ಬೇರೆ ಬೇಕಿರಲಿಲ್ಲ, ಕಾಡೇ ಅವನ ಮನೆ ಆಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರಗಳೂ ಅಷ್ಟೇ ಬಗೆಬಗೆ. ಮಳೆ ಜಾಸ್ತಿ ಇರುವ ಪಡುವಣ ಕಡೆ ಧೂಪ, ಹೈಗ, ಬಲಂಜಿ, ರಾಮಪತ್ರೆ, ನೇರಳೆ, ಹೆಬ್ಬಲಸು. ಮೂಡಣಕ್ಕೆ ಬಂದ ಹಾಗೆ ಮಳೆ ಇಳಿಯುತ್ತದೆ, ಅಲ್ಲಿ ಮತ್ತಿ, ಹೊನ್ನೆ, ನಂದಿ. ಎಷ್ಟೋ ಕಾಡಿನೊಳಗೆ ಒಂದು ಒರತೆಯೋ ತೊರೆಯೋ ಇರುತ್ತದೆ. ಕಾಡಿನ ಕೆಳಗೆ ಗದ್ದೆ ಇರುತ್ತದೆ. ದೇವರಕಾಡನ್ನು ಹಿಂದಿನವರು ಎಲ್ಲಿ ಗೊತ್ತು ಮಾಡಿದರು ಎಂದು ನೋಡಿದರೆ ನೀರಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ಕಾಣುತ್ತದೆ.

ಕಟ್ಟು ಮತ್ತು ತಕ್ಕರು

ಊರಿನ ದೇವರ ಹಬ್ಬಕ್ಕೆ ಮುಂಚೆ ಊರಿಗೆ ಕಟ್ಟು ಬೀಳುತ್ತದೆ. ಕಟ್ಟು ಬಿದ್ದ ಮೇಲೆ ಹಬ್ಬ ಮುಗಿಯುವ ತನಕ ಹಸಿ ಮರ ಕಡಿಯುವಂತಿಲ್ಲ. ಪ್ರಾಣಿ ಕೊಲ್ಲುವಂತಿಲ್ಲ, ಮಾಂಸ ತಿನ್ನುವಂತಿಲ್ಲ. ಮದುವೆ ಮುಂತಾದ ಕಾರ್ಯ ಮಾಡುವಂತಿಲ್ಲ. ವಿವರ ಊರಿಂದ ಊರಿಗೆ ಬದಲಾಗುತ್ತದೆ, ದಿನಗಳ ಲೆಕ್ಕವೂ ಬದಲಾಗುತ್ತದೆ. ಆದರೆ ಕಟ್ಟು ಅನ್ನುವುದು ಎಲ್ಲರಿಗೂ ಒಂದೇ. ದೊಡ್ಡ ಮನೆತನಕ್ಕೆ ಒಂದು, ಕೂಲಿಯವನಿಗೆ ಒಂದು ಅಂತಿಲ್ಲ. ವರ್ಷಕ್ಕೊಮ್ಮೆಯಾದರೂ ಇಡೀ ಊರು ಒಟ್ಟಿಗೆ ಕೈ ಕಟ್ಟಿ ಕೂರುತ್ತದೆ.

ದೇವರಕಾಡಿನೊಳಗಂತೂ ಕಟ್ಟು ವರ್ಷವಿಡೀ ಇದ್ದ ಹಾಗೆ. ಕೊಡಲಿ ತರುವಂತಿಲ್ಲ. ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಿದ್ದ ಮರವನ್ನೂ ಮನೆಗೆ ಎಳೆದುಕೊಂಡು ಹೋಗುವಂತಿಲ್ಲ. ದೇವರ ಕೆಲಸಕ್ಕೆ ಬೇಕಾದರೆ ಮಾತ್ರ, ಅದೂ ಕೇಳಿ, ಒಪ್ಪಿಗೆ ಪಡೆದು. ಒಣಗಿದ ಮರ ಕಾಡಿನಲ್ಲೇ ಕೊಳೆಯುತ್ತಿತ್ತು. ಇದರ ಬೆಲೆ ಎಂಥದ್ದು ಎಂದು ಅಣಬೆಗಳ ವಿಷಯ ಬಂದಾಗ ಹೇಳುತ್ತೇನೆ.

ಯಾರನ್ನು ಕೇಳಬೇಕು? ತಕ್ಕರನ್ನು. ಕೊಡವರಲ್ಲಿ ಒಂದೊಂದು ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಒಂದೊಂದು ಜವಾಬ್ದಾರಿ ವಂಶಪಾರಂಪರ್ಯವಾಗಿ ಬಂದಿದೆ. ಊರಿನ ವ್ಯವಹಾರಕ್ಕೆ ಊರು ತಕ್ಕ, ನಾಡಿಗೆ ನಾಡು ತಕ್ಕ, ದೇವರ ಕೆಲಸಕ್ಕೆ ದೇವತಕ್ಕ. ಹಬ್ಬದ ದಿನ ಗೊತ್ತು ಮಾಡುವುದು, ಭಂಡಾರ ನೋಡಿಕೊಳ್ಳುವುದು, ದೇವರಕಾಡಿನ ತಂಟೆಗೆ ಹೋದವನನ್ನು ಕರೆದು ಕೇಳುವುದು ಎಲ್ಲ ಅವರದ್ದೇ. ಹೀಗೆ ಕಾಡಿಗೆ ಹೆಸರು, ಮುಖ ಇರುವ ಒಬ್ಬ ಜವಾಬ್ದಾರ ಇದ್ದ. ತಪ್ಪು ಮಾಡಿದವನು ಊರವರು ಸೇರುವ ಬಯಲಾದ ಮಂದ್‌ನಲ್ಲಿ ನಿಂತು ಒಪ್ಪಿಕೊಂಡು ತಪ್ಪುಕಾಣಿಕೆ ಹಾಕಬೇಕಿತ್ತು. ಮುಂದಿನ ಹಬ್ಬಕ್ಕೆ ಅವನೂ ಬರಬೇಕು, ಕೇಳಿದವರೂ ಅಲ್ಲೇ ಇರುತ್ತಾರೆ. ಆ ಮುಜುಗರಕ್ಕೆ ಹೆದರಿದಷ್ಟು ಯಾವ ದಂಡಕ್ಕೂ ಜನ ಹೆದರುವುದಿಲ್ಲ, ಅಲ್ವಾ?

ದೇವರ ಶಾಪಕ್ಕೆ ಹೆದರಿ ಜನ ಮರ ಮುಟ್ಟುತ್ತಿರಲಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಅರ್ಧ ನಿಜ. ಶಾಪದ ಭಯ ಮನಸ್ಸಿನಲ್ಲಿ ಇರುತ್ತದೆ, ಅದನ್ನು ವರ್ಷವರ್ಷವೂ ಹಸಿಯಾಗಿ ಇಡುವುದು ಹಬ್ಬ. ಹಬ್ಬವನ್ನು ನಡೆಸುವುದು ತಕ್ಕರು ಮತ್ತು ಊರು. ಮೂರರಲ್ಲಿ ಒಂದು ಕಳಚಿದರೂ ಉಳಿದೆರಡು ಬಹಳ ಕಾಲ ತಾಳುವುದಿಲ್ಲ. ಕೊಡಗಿನ ಮುಂದಿನ ಕತೆ ಇದನ್ನೇ ತೋರಿಸುತ್ತದೆ.

ಕಾಡು ಕರಗಿದ ಬಗೆ

1834ರಲ್ಲಿ ಬ್ರಿಟಿಷರು ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮ ಆಳ್ವಿಕೆಗೆ ತೆಗೆದುಕೊಂಡರು. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಶುರುವಾಯಿತು. ಆಮೇಲೆ ತೋಟ ಹಬ್ಬಿದ ವೇಗ ದೊಡ್ಡದು. ಬೆಟ್ಟದ ಇಳಿಜಾರು, ನೆರಳು, ಮಳೆ ಎಲ್ಲ ಇದ್ದ ಜಾಗವೇ ಕಾಫಿಗೂ ಬೇಕಿತ್ತು. ದೇವರಕಾಡು ಇದ್ದದ್ದೂ ಅಂಥ ಜಾಗದಲ್ಲೇ.

ಮೇಲೆ ಕೊಟ್ಟ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡೋಣ. 1873ರಿಂದ 1905ರ ವರೆಗೆ, ಅಂದರೆ 32 ವರ್ಷದಲ್ಲಿ, ಹೋದದ್ದು 4,641 ಎಕರೆ. 1905ರಿಂದ 1985ರ ವರೆಗೆ, 80 ವರ್ಷದಲ್ಲಿ, ಹೋದದ್ದು 4,566 ಎಕರೆ. ಮೊದಲ 32 ವರ್ಷದ ಪೆಟ್ಟು ಆಮೇಲಿನ 80 ವರ್ಷದ ಪೆಟ್ಟಿಗಿಂತ ದೊಡ್ಡದು. ಈಗಿನ ಕಾಲದ ಜನಕ್ಕೆ ದೇವರ ಭಯ ಇಲ್ಲ, ಅದಕ್ಕೇ ಕಾಡು ಹೋಯಿತು ಎಂದು ಹೇಳುವವರು ಈ ಲೆಕ್ಕ ನೋಡಬೇಕು. ನಮ್ಮ ಮುತ್ತಜ್ಜಂದಿರ ಕಾಲದಲ್ಲೇ, ದೇವರ ಭಯ ತುಂಬಿದ್ದ ಕಾಲದಲ್ಲೇ, ಹೆಚ್ಚು ಕಾಡು ಹೋಗಿದೆ. ಬದಲಾದದ್ದು ನೆಲದ ಬೆಲೆ ಮತ್ತು ನೆಲದ ಯಜಮಾನಿಕೆ.

ಯಜಮಾನಿಕೆಯ ವಿಷಯಕ್ಕೆ ಬರೋಣ. ಊರಿನ ಲೆಕ್ಕದಲ್ಲಿ ದೇವರಕಾಡು ದೇವರದ್ದು. ಸರ್ಕಾರದ ಲೆಕ್ಕದಲ್ಲಿ ಅದು ಸರ್ಕಾರದ್ದು. 1905ರಲ್ಲಿ ಇವುಗಳ ಉಸ್ತುವಾರಿ ಕಂದಾಯ ಇಲಾಖೆಗೆ ಹೋಯಿತು. ಮತ್ತೆ ಅರಣ್ಯ ಇಲಾಖೆಯ ಕೈಗೆ ಬಂದದ್ದು 1985ರಲ್ಲಿ. ನಡುವಿನ 80 ವರ್ಷದಲ್ಲಿ ಕಾಗದದಲ್ಲಿ ದೇವರಕಾಡು ಎಂದು ಬರೆದಿದ್ದ ಜಾಗದಲ್ಲಿ ಮರ ಇದೆಯೋ ಕಾಫಿ ಇದೆಯೋ ನೋಡುವವರು ಕಡಿಮೆ. ಕಂದಾಯ ಇಲಾಖೆಗೆ ನೆಲ ಅಂದರೆ ಸರ್ವೆ ನಂಬರು, ಅದರ ಮೇಲಿನ ಮರ ಅದಕ್ಕೆ ಮುಖ್ಯ ಆಗಿರಲಿಲ್ಲ. ತಕ್ಕರಿಗೆ ಹಬ್ಬದ ಗೌರವ ಉಳಿಯಿತು, ಒತ್ತುವರಿ ಮಾಡಿದವನನ್ನು ಎಬ್ಬಿಸುವ ಅಧಿಕಾರ ಉಳಿಯಲಿಲ್ಲ. ಅಧಿಕಾರ ಇದ್ದ ಕಚೇರಿ ದೂರದಲ್ಲಿತ್ತು, ಆ ಕಾಡಿನ ದೇವರ ಹೆಸರೂ ಅಲ್ಲಿನ ಗುಮಾಸ್ತರಿಗೆ ಗೊತ್ತಿರಬೇಕೆಂದಿರಲಿಲ್ಲ. ಈ ಪ್ರಕರಣದಲ್ಲಿ ಹೆಚ್ಚು ನಷ್ಟ ಮಾಡಿದ್ದು ಇದೇ ಅಂತ ನಾನು ತಿಳಿದಿದ್ದೇನೆ. ಕಾಯುವ ಮನಸ್ಸು ಒಂದು ಕಡೆ, ಕಾಯುವ ಅಧಿಕಾರ ಇನ್ನೊಂದು ಕಡೆ ಆಯಿತು.

ಒತ್ತುವರಿ ಮಾಡಿದವರು ಯಾರು? ಹೊರಗಿನಿಂದ ಬಂದವರು ಎಂದು ಕೈ ತೋರಿಸುವುದು ಸುಲಭ. ನೆಲವಿಲ್ಲದೆ ಬಂದು ಗುಡಿಸಲು ಹಾಕಿಕೊಂಡವರೂ ಇದ್ದಾರೆ. ಆ ದೇವರು ಅವರ ಮನೆದೇವರಲ್ಲ, ಆ ಕಟ್ಟು ಅವರಿಗೆ ಗೊತ್ತಿರಲಿಲ್ಲ. ಆದರೆ ಕಾಡಿನ ಪಕ್ಕದ ತೋಟದವರು ಬೇಲಿಯನ್ನು ವರ್ಷಕ್ಕೆ ಒಂದಿಷ್ಟು ಒಳಕ್ಕೆ ಸರಿಸಿದ್ದೂ ಅಷ್ಟೇ ನಿಜ. ಅವರಿಗೆ ದೇವರೂ ಗೊತ್ತು, ಕಟ್ಟೂ ಗೊತ್ತು. ಹಬ್ಬಕ್ಕೆ ದೊಡ್ಡ ಕಾಣಿಕೆ ಕೊಡುವ ಮನೆಯೇ ಬೇಲಿ ಸರಿಸಿದಾಗ ಊರಿನ ಬಾಯಿ ಕಟ್ಟುತ್ತದೆ. ಬಡವನ ಗುಡಿಸಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಸರಿದ ಬೇಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ದೇವರಕಾಡು ಉಳಿಸಬೇಕು ಎನ್ನುವವರು ಈ ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು. ಇಲ್ಲದಿದ್ದರೆ ಅದು ಕಾಡಿನ ಪರವಾದ ಮಾತಾಗುವುದಿಲ್ಲ.

ಗುಡಿ ಬೆಳೆದಾಗ

ಇನ್ನೊಂದು ಕಾರಣ ಇದೆ. ಅದನ್ನು ಹೇಳುವುದು ಸ್ವಲ್ಪ ಕಷ್ಟ, ಯಾಕೆಂದರೆ ಅದು ಭಕ್ತಿಯ ಒಳಗಿನಿಂದಲೇ ಬರುತ್ತದೆ.

ಮೇಲೆ ಹೇಳಿದ ಕಲ್ಲು, ಕಟ್ಟೆ, ಮಣ್ಣಿನ ನಾಯಿ ನೆನಪಿದೆಯಲ್ಲ. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಕಡೆ ಆ ಕಟ್ಟೆಯ ಜಾಗದಲ್ಲಿ ಗುಡಿ ಎದ್ದಿದೆ. ಊರಿನ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ದುಡಿದು ದೇವರಿಗೆ ಏನಾದರೂ ಮಾಡಬೇಕು ಎಂದು ಆಸೆ ಪಡುತ್ತಾರೆ. ಒಳ್ಳೆಯ ಆಸೆಯೇ. ಆ ದುಡ್ಡಿನಲ್ಲಿ ಮೊದಲು ಹೆಂಚಿನ ಮಾಡು ಬರುತ್ತದೆ. ಆಮೇಲೆ ಕಾಂಕ್ರೀಟು, ಸುತ್ತು ಪೌಳಿ, ಪೂಜೆಯವರಿಗೆ ಮನೆ, ಊಟದ ಹಾಲ್, ಕಾರು ನಿಲ್ಲಿಸಲು ಜಾಗ, ಅಲ್ಲಿಗೆ ರಸ್ತೆ. ಒಂದೊಂದಕ್ಕೂ ನಾಲ್ಕೈದು ಮರ. ಗುಡಿಯ ಮೇಲೆ ಕೊಂಬೆ ಬೀಳುತ್ತದೆ ಎಂದು ಮತ್ತೆ ನಾಲ್ಕು ಮರ. ಐದು ಎಕರೆಯ ಕಾಡಿನಲ್ಲಿ ಇದೆಲ್ಲ ಸೇರಿದರೆ ಉಳಿಯುವುದು ಗುಡಿಯ ಹಿಂದಿನ ಒಂದು ಪಟ್ಟಿ.

ದೇವರೂ ಆಗ ಬದಲಾಗುತ್ತಾನೆ. ಕಾಡಿನ ಬೇಟೆ ಅಯ್ಯಪ್ಪನನ್ನು ಶಬರಿಮಲೆಯ ಅಯ್ಯಪ್ಪನ ಹಾಗೆ ಪೂಜಿಸಲು ಶುರುಮಾಡುತ್ತಾರೆ. ಊರಿನ ಸಣ್ಣ ದೇವತೆಗೆ ಪುರಾಣದ ದೊಡ್ಡ ಹೆಸರು ಬರುತ್ತದೆ. ಮಣ್ಣಿನ ನಾಯಿಯ ಜಾಗಕ್ಕೆ ಹಿತ್ತಾಳೆ ದೀಪ ಬರುತ್ತದೆ. ಕೊಡಗಿನ ದೇವರಕಾಡುಗಳನ್ನು ಅಭ್ಯಾಸ ಮಾಡಿದವರು ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಇದರಲ್ಲಿ ಪೂಜೆಯ ರೀತಿ ಸರಿಯೋ ತಪ್ಪೋ ಎನ್ನುವ ಪ್ರಶ್ನೆ ನನ್ನದಲ್ಲ. ಯಾರು ಯಾರನ್ನು ಹೇಗೆ ಪೂಜಿಸಬೇಕು ಎಂದು ಹೇಳುವ ಹಕ್ಕು ಹೊರಗಿನವರಿಗಿಲ್ಲ. ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಕಾಡಿನಲ್ಲಿದ್ದ ದೇವರಿಗೆ ಕಾಡು ಬೇಕೇ ಬೇಕಿತ್ತು. ಗುಡಿಯಲ್ಲಿ ಕೂತ ದೇವರಿಗೆ ಕಾಡು ಇಲ್ಲದಿದ್ದರೂ ಪೂಜೆ ನಡೆಯುತ್ತದೆ. ಒಮ್ಮೆ ಅಷ್ಟು ಬದಲಾದ ಮೇಲೆ ಮರ ಉಳಿಸಲು ಭಕ್ತರಿಗೆ ಕಾರಣವೇ ಉಳಿಯುವುದಿಲ್ಲ.

ಆದ್ದರಿಂದ ನಂಬಿಕೆ ಇದ್ದರೆ ಸಾಕು, ಪ್ರಕೃತಿ ತಾನಾಗಿ ಉಳಿಯುತ್ತದೆ ಎನ್ನುವ ಮಾತನ್ನು ಕೊಡಗು ಒಪ್ಪುವುದಿಲ್ಲ. ನಂಬಿಕೆ ಯಾವುದರ ಮೇಲೆ ನಿಂತಿದೆ ಎನ್ನುವುದು ಮುಖ್ಯ. ಇನ್ನೂ ಹಳೆಯ ರೀತಿಯನ್ನೇ ಹಿಡಿದುಕೊಂಡಿರುವ ಊರುಗಳಿವೆ. ದೇವರು ತನಗೆ ಮಾಡು ಬೇಡ ಎಂದಿದ್ದಾನೆ, ಅದಕ್ಕೆ ನಾವು ಕಟ್ಟುವುದಿಲ್ಲ ಎನ್ನುವ ನಂಬಿಕೆಯ ದೇವರುಗಳು ಕೊಡಗಿನಲ್ಲೂ ಇವೆ, ತುಳುನಾಡಿನಲ್ಲೂ ಇವೆ. ಆ ಒಂದು ನಂಬಿಕೆ ಎಷ್ಟೋ ಮರಗಳನ್ನು ಉಳಿಸಿದೆ.

ಸಣ್ಣ ಕಾಡಿನ ಬೆಲೆ

6,299 ಎಕರೆಯನ್ನು 1,214ರಿಂದ ಭಾಗಿಸಿದರೆ ಒಂದು ದೇವರಕಾಡಿಗೆ ಸರಾಸರಿ ಐದು ಎಕರೆ ಚಿಲ್ಲರೆ ಬರುತ್ತದೆ. ಅದೂ ಕೆಲವು ದೊಡ್ಡ ಕಾಡುಗಳು ಸೇರಿರುವುದರಿಂದ. ಹೆಚ್ಚಿನವು ಅದಕ್ಕಿಂತ ಚಿಕ್ಕವು. ಇಷ್ಟು ಸಣ್ಣ ತುಂಡುಗಳಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಕಾಡು ಅಂದರೆ ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ ಅಲ್ವಾ?

ಇದಕ್ಕೆ ಉತ್ತರ ಕೊಡುವ ಒಂದು ಒಳ್ಳೆಯ ಅಧ್ಯಯನ ಕೊಡಗಿನಲ್ಲೇ ನಡೆದಿದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಿ. ಜಿ. ಕುಶಾಲಪ್ಪ ಅವರೂ ಆಕ್ಸ್‌ಫರ್ಡ್‌ನಲ್ಲಿದ್ದ ಶೋನಿಲ್ ಭಾಗವತ್ ಅವರೂ ಇತರರೂ ಸೇರಿ ಮಾಡಿದ್ದು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಅವರು ಮೂರು ಬಗೆಯ ಜಾಗಗಳನ್ನು ಹೋಲಿಸಿದರು. ಸಂರಕ್ಷಿತ ಅರಣ್ಯ, ದೇವರಕಾಡು, ಕಾಫಿ ತೋಟ. ಮೂರರಲ್ಲೂ ಮರ, ಹಕ್ಕಿ, ಅಣಬೆ ಎಣಿಸಿದರು. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಮರಗಳು ಸಂರಕ್ಷಿತ ಅರಣ್ಯದಲ್ಲೇ ಹೆಚ್ಚು ಕಂಡವು. ಅದು ನಿರೀಕ್ಷಿಸಿದ್ದೇ. ಆದರೆ ಅಳಿವಿನಂಚಿಗೆ ಸರಿಯುತ್ತಿರುವ ಮರಗಳು ಸಂರಕ್ಷಿತ ಅರಣ್ಯಕ್ಕಿಂತ ದೇವರಕಾಡಿನಲ್ಲೇ ಜಾಸ್ತಿ ಸಿಕ್ಕಿದವು. ಹೈಗದಂಥ ಮರಗಳು ಆ ಪಟ್ಟಿಯಲ್ಲಿವೆ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸಂರಕ್ಷಿತ ಅರಣ್ಯಗಳು ಹೆಚ್ಚಾಗಿ ಉಳಿದಿರುವುದು ಎತ್ತರದ, ಕಡಿದಾದ, ಕೃಷಿಗೆ ಒಗ್ಗದ ಜಾಗದಲ್ಲಿ. ತಗ್ಗಿನ, ಮಣ್ಣು ಚೆನ್ನಾಗಿರುವ, ನೀರಿರುವ ಜಾಗ ಗದ್ದೆಯಾಯಿತು, ತೋಟವಾಯಿತು. ಅಂಥ ಜಾಗದ ಮರಗಳಿಗೆ ಕೊಡಗಿನ ನಡುವೆ ಉಳಿದ ಮುಖ್ಯ ನೆಲೆ ದೇವರಕಾಡು. ಆ ಐದು ಎಕರೆ ಹೋದರೆ ಅಂಥ ಮರದ ಬೀಜ ಸುತ್ತಮುತ್ತ ಸಿಗುವುದು ಕಷ್ಟ. ಅಣಬೆಗಳ ಮಾತೂ ಹಾಗೆಯೇ. ಬಿದ್ದ ಮರ, ಕೊಳೆತ ಎಲೆ, ಯಾರೂ ಗುಡಿಸದ ನೆಲ ಇದ್ದರೆ ಅಣಬೆ. ಬಿದ್ದ ಮರ ಎತ್ತಬೇಡ ಎಂಬ ಕಟ್ಟಿಗೆ ಇಂಥ ಫಲವೂ ಇದೆ ಎಂದು ಆ ಕಟ್ಟು ಮಾಡಿದವರು ಎಣಿಸಿದ್ದರೋ ಇಲ್ಲವೋ, ಫಲವಂತೂ ಸಿಕ್ಕಿತು.

ಕಾಫಿಯ ಬಗ್ಗೆ ಮೇಲೆ ಖಾರವಾಗಿಯೇ ಬರೆದೆ. ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೊಡಗಿನ ಹಳೆಯ ಕಾಫಿ ತೋಟಗಳಲ್ಲಿ ನೆರಳಿಗಾಗಿ ಕಾಡುಮರಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಹಲಸು, ಅತ್ತಿ, ಹೊನ್ನೆ, ನಂದಿ, ಬೀಟೆ. ಹಾಗಾಗಿ ಒಂದು ದೇವರಕಾಡಿಗೂ ಇನ್ನೊಂದಕ್ಕೂ ನಡುವೆ ಬಯಲು ಬೀಳಲಿಲ್ಲ. ಹಣ್ಣು ತಿಂದ ಹಕ್ಕಿ, ಬಾವಲಿ, ಪುನುಗಿನ ಬೆಕ್ಕು ತೋಟದ ಮರಗಳ ಮೇಲೆ ಹಾದು ಇನ್ನೊಂದು ಕಾಡಿಗೆ ಹೋಗಿ ಬೀಜ ಬೀಳಿಸಬಹುದು. ಬಯಲಿನ ನಡುವೆ ಇರುವ ಐದು ಎಕರೆ ಕಾಡು ದ್ವೀಪದ ಹಾಗೆ ಒಳಗೊಳಗೇ ಸೊರಗುತ್ತದೆ. ನೆರಳಿನ ತೋಟಗಳ ನಡುವೆ ಇರುವ ಐದು ಎಕರೆ ದೊಡ್ಡ ಕಾಡಿನ ಭಾಗವಾಗಿಯೇ ಬದುಕುತ್ತದೆ.

ಅದಕ್ಕೇ ತೋಟಗಳಲ್ಲಿ ಆಗುತ್ತಿರುವ ಬದಲಾವಣೆ ದೇವರಕಾಡಿಗೂ ಸಂಬಂಧಪಟ್ಟದ್ದು. ಹಲವು ಕಡೆ ಕಾಡುಮರ ತೆಗೆದು ಸಿಲ್ವರ್ ಓಕ್ ನೆಡುತ್ತಿದ್ದಾರೆ. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಾರುವಾಗ ತಾಪತ್ರಯ ಕಡಿಮೆ. ಬೆಳೆಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಕಾಡುಮರ ತಮ್ಮದೇ ತೋಟದಲ್ಲಿದ್ದರೂ ಅದರ ಮೇಲೆ ಹಕ್ಕು ಸರಿಯಾಗಿ ಸಿಗದಿದ್ದಾಗ ಅದನ್ನು ಬೆಳೆಸುವ ಉತ್ಸಾಹ ಯಾರಿಗೆ ಇರುತ್ತದೆ? ಆದರೆ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಮಂಗಟ್ಟೆಗೆ ತಿನ್ನಲು ಅದರಲ್ಲಿ ಹಣ್ಣಿಲ್ಲ.

ಕಾಡಿನ ಅಂಚಿನ ತೊಂದರೆಯೂ ಇದೆ. ತುಂಡು ಸಣ್ಣದಾದಷ್ಟೂ ಅಂಚು ಜಾಸ್ತಿ. ಅಂಚಿನಿಂದ ಬಿಸಿಲು, ಗಾಳಿ, ಲಂಟಾನ ಕಳೆ ಒಳಕ್ಕೆ ಬರುತ್ತವೆ. ರೊಬಸ್ಟಾ ಕಾಫಿಯ ಗಿಡಗಳು ತಾವಾಗಿಯೇ ಒಳಗೆ ಮೊಳೆಯುತ್ತವೆ. ಯಾರೂ ಕೊಡಲಿ ಹಾಕದಿದ್ದರೂ ಕಾಡು ನಿಧಾನವಾಗಿ ಬದಲಾಗುತ್ತದೆ. ಹೀಗಾಗಿ ಮುಟ್ಟಬೇಡ ಎನ್ನುವ ಹಳೆಯ ನೇಮ ಒಂದೇ ಈಗ ಸಾಲದು. ಕಳೆ ಕೀಳುವುದು, ಅಂಚಿನಲ್ಲಿ ಅದೇ ಕಾಡಿನ ಬೀಜದಿಂದ ಸಸಿ ಎಬ್ಬಿಸುವುದು ಬೇಕು. ಹಿರಿಯರು ಕೈ ಕಟ್ಟಿ ಕಾಡು ಉಳಿಸಿದರು. ಈಗಿನವರು ಕೈ ಹಚ್ಚಿ ಉಳಿಸಬೇಕಾಗಿದೆ.

ಯಾರ ಮಾತು ನಡೆಯುತ್ತದೆ

ದಕ್ಷಿಣ ಕೊಡಗಿನ ತಿತಿಮತಿ ಹತ್ತಿರ ದೇವರಪುರ ಎಂಬ ಊರಿದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಲ್ಲಿ ಕುಂಡೆ ಹಬ್ಬ. ಜೇನುಕುರುಬರು ಮತ್ತು ಇತರ ಆದಿವಾಸಿಗಳು ಬಗೆಬಗೆಯ ವೇಷ ಹಾಕಿ, ಗಂಡಸರು ಹೆಂಗಸರ ಉಡುಪು ತೊಟ್ಟು, ಊರೂರು ಸುತ್ತಿ ಕಾಣಿಕೆ ಬೇಡಿ, ದೇವರನ್ನೇ ಬಾಯ್ತುಂಬ ಬೈಯುತ್ತ ಅಯ್ಯಪ್ಪ ಮತ್ತು ಭದ್ರಕಾಳಿಯ ಸನ್ನಿಧಿಗೆ ಬರುತ್ತಾರೆ. ಅದಕ್ಕೊಂದು ಕತೆಯಿದೆ. ಅಯ್ಯಪ್ಪ ಇವರನ್ನು ಬೇಟೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮನಸೋತು ಇವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದ. ಆ ಸಿಟ್ಟನ್ನು ವರ್ಷಕ್ಕೊಮ್ಮೆ ತೀರಿಸಿಕೊಳ್ಳುತ್ತಾರೆ.

ದೇವರನ್ನು ಬೈಯುವಷ್ಟು ಸಲಿಗೆ ಸುಮ್ನೆ ಬರುವುದಿಲ್ಲ. ಆ ಕಾಡು, ಆ ದೇವರು ನಮ್ಮದು ಎಂಬ ಗಟ್ಟಿ ಭಾವನೆ ಇದ್ದರೆ ಮಾತ್ರ ಬರುತ್ತದೆ. ಕಾಡಿನ ಗಿಡ, ಜೇನು, ಪ್ರಾಣಿಗಳ ಬಗ್ಗೆ ಅವರಿಗಿರುವ ಅರಿವು ಬೇರೆಯವರಿಗಿಲ್ಲ. ಹಾಗಿದ್ದೂ ದೇವರಕಾಡಿನ ಸಮಿತಿಗಳಲ್ಲಿ ಅವರಿಗೆ ಕುರ್ಚಿ ಸಿಗುವುದು ಅಪರೂಪ. ಕೊಡಗಿನ ಹಬ್ಬಗಳಲ್ಲಿ ಮೇದರು ಬಾರಿಸದೆ ವಾದ್ಯವಿಲ್ಲ, ಮಲೆಯರು, ಪಣಿಕರು ಇಲ್ಲದೆ ಎಷ್ಟೋ ಕಡೆ ದೈವದ ವೇಷ ಕಟ್ಟಿ ಕುಣಿಯುವ ತೆರೆಯಾಟ ನಡೆಯುವುದಿಲ್ಲ. ಆಚರಣೆಗೆ ಎಲ್ಲರೂ ಬೇಕು. ತೀರ್ಮಾನ ಮಾತ್ರ ಕೆಲವೇ ಮನೆತನದ್ದು. ಹೆಂಗಸರ ವಿಷಯವೂ ಹೀಗೇ. ಕೆಲವು ದೇವರಕಾಡುಗಳಿಗೆ ಅವರು ಕಾಲಿಡುವಂತಿಲ್ಲ, ಇನ್ನು ಕೆಲವಕ್ಕೆ ಕೆಲವು ದಿನ ಹೋಗುವಂತಿಲ್ಲ. ಹಳೆಯ ನೇಮವೆಲ್ಲ ಒಳ್ಳೆಯದೇ ಎಂದು ನಾನು ಹೇಳಲಾರೆ. ಊರಿನ ಅರ್ಧ ಜನರನ್ನು ಹೊರಗಿಟ್ಟು ಕಾಡು ಕಾಯುವುದು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ತಕ್ಕರ ಮನೆಯ ಮುಂದಿನ ತಲೆಮಾರು ಊರು ಬಿಟ್ಟು ಹೋಗುತ್ತಿರುವ ಈ ದಿನಗಳಲ್ಲಂತೂ ಊರಲ್ಲೇ ಇರುವ ಎಲ್ಲರೂ ಕಾವಲಿಗೆ ಬೇಕು.

ಈಗಿರುವ ದಾರಿ

1985ರಲ್ಲಿ ಕಾಡುಗಳು ಅರಣ್ಯ ಇಲಾಖೆಗೆ ಮರಳಿದ ಮೇಲೆ ನಿಧಾನವಾಗಿ ಒಂದು ಹೊಸ ಪ್ರಯತ್ನ ಶುರುವಾಯಿತು. ಊರಿನ ದೇವಸ್ಥಾನ ಸಮಿತಿ ಮತ್ತು ಇಲಾಖೆ ಸೇರಿ ನೋಡಿಕೊಳ್ಳುವ ಜಂಟಿ ವ್ಯವಸ್ಥೆ. ಸರ್ವೆ ಮಾಡಿ ಗಡಿ ಗುರುತಿಸುವುದು, ಕಂದಕ ತೋಡುವುದು, ಬೇಲಿ ಹಾಕುವುದು, ಖಾಲಿ ಜಾಗದಲ್ಲಿ ಸಸಿ ನೆಡುವುದು. ಅರಣ್ಯ ಕಾಲೇಜು, ಕೊಡಗು ಮಾದರಿ ಅರಣ್ಯ ಟ್ರಸ್ಟ್‌ನಂಥ ಸಂಸ್ಥೆಗಳೂ ಜೊತೆಗೂಡಿದವು. ಕೆಲವು ಊರಿನಲ್ಲಿ ಇದು ಚೆನ್ನಾಗಿ ನಡೆದಿದೆ, ಕೆಲವು ಕಡೆ ಕಾಗದದಲ್ಲೇ ಉಳಿದಿದೆ. ನಡೆದ ಕಡೆ ಹೋಗಿ ನೋಡಿದರೆ ತಕ್ಕರ ಮನೆಯವರೋ ಊರಿನ ಯಾರೋ ಒಬ್ಬರೋ ಬೆನ್ನು ಬಿದ್ದು ಮಾಡಿಸಿರುತ್ತಾರೆ.

ಕಾನೂನಿನ ಕಡೆಯಿಂದ ಇತ್ತೀಚೆಗೆ ಒಂದು ಒಳ್ಳೆಯ ಬೆಳವಣಿಗೆ ಆಗಿದೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ಓರಣ್‌ಗಳ ವಿಷಯದಲ್ಲಿ ತೀರ್ಪು ಕೊಟ್ಟಿತು. ಪ್ರತಿಯೊಂದು ದೇವರಕಾಡನ್ನೂ ನೆಲದ ಮೇಲೂ ಉಪಗ್ರಹದ ಮೂಲಕವೂ ಗುರುತಿಸಬೇಕು, ಅರಣ್ಯ ಎಂದು ಪರಿಗಣಿಸಬೇಕು, ಅಳತೆ ಎಷ್ಟು ಎಂದು ನೋಡದೆ ಅಲ್ಲಿನ ಜನಕ್ಕೂ ಪರಿಸರಕ್ಕೂ ಅದು ಎಷ್ಟು ಮುಖ್ಯ ಎಂದು ನೋಡಬೇಕು ಎಂದು ಹೇಳಿತು. ಇಡೀ ದೇಶದ ದೇವರಕಾಡುಗಳಿಗೆ ಒಂದು ನೀತಿ ಮಾಡುವಂತೆ ಕೇಂದ್ರದ ಪರಿಸರ ಸಚಿವಾಲಯಕ್ಕೂ ಸೂಚಿಸಿತು. ಆದೇಶ ರಾಜಸ್ಥಾನಕ್ಕೆ. ಆದರೆ ಅಳತೆ ಮುಖ್ಯವಲ್ಲ ಎಂಬ ಮಾತು ಐದು ಎಕರೆಯ, ಅರ್ಧ ಎಕರೆಯ ಕಾಡುಗಳಿರುವ ಕೊಡಗಿಗೆ ಬಹಳ ದೊಡ್ಡ ಬಲ.

ಒಂದು ತೊಡಕು ಮಾತ್ರ ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸಮುದಾಯ ಮೀಸಲು ಎಂಬ ಹೊಸ ವರ್ಗ ಸೇರಿತು. ಜನರೇ ಕಾಯುವ ಕಾಡಿಗೆ ಅದು ಸರಿಯಾದ ವ್ಯವಸ್ಥೆ. ಸುಪ್ರೀಂ ಕೋರ್ಟ್ ಓರಣ್‌ಗಳಿಗೆ ಹೇಳಿದ್ದೂ ಅದನ್ನೇ. ಆದರೆ ಅದು ಸಮುದಾಯದ ಅಥವಾ ಖಾಸಗಿ ನೆಲಕ್ಕೆ ಇರುವಂಥದ್ದು. ಕೊಡಗಿನ ದೇವರಕಾಡುಗಳು ದಾಖಲೆಯಲ್ಲಿ ಸರ್ಕಾರದ ನೆಲ. ಹಾಗಾಗಿ ಮತ್ತೆ ಅದೇ ಹಳೆಯ ಪ್ರಶ್ನೆಗೆ ಬಂದು ನಿಲ್ಲುತ್ತೇವೆ. ಈ ಕಾಡು ಯಾರದ್ದು? ಇದಕ್ಕೆ ಉತ್ತರ ಕೊಡದೆ ಬೇಲಿ, ಕಂದಕಗಳಿಗೆ ಎಷ್ಟು ದುಡ್ಡು ಸುರಿದರೂ ಮನಸ್ಸು ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಎಂಬ ಸ್ಥಿತಿ ಬದಲಾಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೆ ಕಾಡು ಕಾಯುವ ಹಕ್ಕನ್ನೂ ಹೊಣೆಯನ್ನೂ ಕೊಟ್ಟಿದ್ದಾರೆ. ಕೊಡಗಿನ ಊರುಗಳು ಆ ದಾರಿಯನ್ನು ಗಂಭೀರವಾಗಿ ನೋಡಬೇಕು. ಹಾಗೆ ಮಾಡಿದರೆ ದೇವರಪುರದ ಹಬ್ಬದಲ್ಲಿ ಕುಣಿಯುವವರಿಗೂ ಸಭೆಯಲ್ಲಿ ಜಾಗ ಸಿಗುತ್ತದೆ.

ಸರ್ಕಾರಕ್ಕೆ ಕಾಯದೆ ಊರು ತಾನೇ ಮಾಡಬಹುದಾದ ಕೆಲಸಗಳೂ ಇವೆ. ಮುಂದಿನ ಹಬ್ಬಕ್ಕೆ ಕಟ್ಟು ಬೀಳುವ ಮೊದಲು ಎಲ್ಲರೂ ಸೇರಿ ಗಡಿ ಸುತ್ತಿ ಬರಬಹುದು. ಎಲ್ಲಿ ಬೇಲಿ ಸರಿದಿದೆ ಎಂದು ಆಗ ಎಲ್ಲರ ಕಣ್ಣೆದುರೇ ತಿಳಿಯುತ್ತದೆ. ಗುಡಿ ಈಗಿರುವಷ್ಟೇ ಇರಲಿ, ಇನ್ನು ಒಂದಡಿಯೂ ಬೆಳೆಯುವುದು ಬೇಡ ಎಂದು ದೇವರ ಮುಂದೆಯೇ ತೀರ್ಮಾನ ಮಾಡಬಹುದು. ಹೊರಗಿನಿಂದ ಬರುವ ಕಾಣಿಕೆಯನ್ನು ಕಾಂಕ್ರೀಟಿಗೆ ಹಾಕುವ ಬದಲು ಸಸಿ ಬೆಳೆಸುವವರ ಕೂಲಿಗೆ, ಕಾವಲಿನವರ ಸಂಬಳಕ್ಕೆ ಕೊಡಬಹುದು. ಕಾಡಿನ ಪಕ್ಕದ ತೋಟದವರು ಗಡಿಯ ಎರಡು ಸಾಲಿನಲ್ಲಾದರೂ ಸಿಲ್ವರ್ ಓಕ್ ಬಿಟ್ಟು ಕಾಡುಮರ ಇಟ್ಟುಕೊಳ್ಳಬಹುದು. ಹೊಸದಾಗಿ ಊರಿಗೆ ಬಂದು ನೆಲೆಸಿದವರನ್ನು, ತೋಟದ ಲೈನ್‌ಮನೆಗಳಲ್ಲಿರುವ ಕೆಲಸಗಾರರನ್ನು ಹಬ್ಬಕ್ಕೆ ಕರೆದು ಕೂರಿಸಿ ಈ ಊರಿನ ಕಟ್ಟು ಏನು ಎಂದು ಹೇಳಬಹುದು. ಇವುಗಳಲ್ಲಿ ಹೆಚ್ಚಿನವನ್ನು ಶುರುಮಾಡಲು ತಕ್ಕರು ಒಂದು ಸಭೆ ಕರೆದರೆ ಸಾಕು.